ಮಂಡಿ ಸವೆಯಿತೆಂಬ ಮಾತಿನ ಚರಿತ್ರೆ

ಭರಮಸಾಗರದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ನಮ್ಮ ದೊಡ್ಡಮ್ಮ ಆಡಿದ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಅರವತ್ತು ವರ್ಷ ಓಡಿದ ಬಂಡಿ ಕಣಪ್ಪ ಇದು. ಅಚ್ಚು ಸವೀದೆ ಇರ್ತೈತಾ?" ಶೇಂಗಾ, ಈರುಳ್ಳಿ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದೇ ಆಯುಷ್ಯ ಕಳೆದ ಹೆಂಗಸು ಆಕೆ. ಎರಡೂ ಮಂಡಿ ಊದಿಕೊಂಡಿದ್ದವು. ತೋರಿಸಿದ ವೈದ್ಯರು ಎಕ್ಸ್-ಕಿರಣ ಚಿತ್ರವನ್ನು ಬೆಳಕಿಗೆ ಹಿಡಿದು, "ವಯಸ್ಸಾಯಿತಲ್ಲ, ಸವೆದಿದೆ. ಓಡಾಟ ಕಡಿಮೆ ಮಾಡಿ" ಎಂದರು. ನಾನೂ ತಲೆಯಾಡಿಸಿದೆ. ಘರ್ಷಣೆ, ಸವೆತ ಇವನ್ನು ತರಗತಿಯಲ್ಲಿ ಬೋಧಿಸುವವನಿಗೆ ಬಂಡಿಯ ಉಪಮೆ ಸರಿಯಾಗಿಯೇ ಕಂಡಿತು. ದೊಡ್ಡಮ್ಮ ಓಡಾಟ ಕಡಿಮೆ ಮಾಡಿದರು. ಎರಡು ವರ್ಷದಲ್ಲಿ ತೊಡೆಯ ಸ್ನಾಯುಗಳು ಕರಗಿ, ಗೋಡೆ ಹಿಡಿಯದೆ ಏಳಲಾರದ ಸ್ಥಿತಿ ಬಂತು.

ಆ ಉಪಮೆ ತಪ್ಪೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ವಿಜ್ಞಾನಕ್ಕೂ ಹಾಗೆಯೇ ಆಯಿತು ಎಂಬುದು ನನಗಿರುವ ಸಣ್ಣ ಸಮಾಧಾನ. ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವ ಅಸ್ಥಿಸಂಧಿವಾತಕ್ಕೂ ಮುಪ್ಪಿಗೂ ಇರುವ ಸಂಬಂಧ ಯಾವುದು? ಮುಪ್ಪೇ ರೋಗವೇ, ಅಥವಾ ಮುಪ್ಪು ಬೇರೆ ರೋಗ ಬೇರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸುಮಾರು 280 ವರ್ಷಗಳ ದಾರಿಯನ್ನು ಇಲ್ಲಿ ನಿಮ್ಮೊಡನೆ ನಡೆಯಬೇಕೆಂದಿದ್ದೇನೆ.

ಮಖಮಲ್ಲಿನ ನವಿರು

ಮೊದಲು ಕೀಲಿನ ರಚನೆಯನ್ನು ನೆನಪಿಸಿಕೊಳ್ಳೋಣ. ತೊಡೆಯೆಲುಬು ಮತ್ತು ಕಣಕಾಲೆಲುಬು ಸೇರುವಲ್ಲಿ ಎಲುಬಿಗೆ ಎಲುಬು ತಾಗುವುದಿಲ್ಲ. ಎರಡರ ತುದಿಗೂ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಹೊದಿಕೆಯಿದೆ. ಅದೇ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಒಳಗಿರುವ ಜೀವಕೋಶಗಳು ಬಹಳ ವಿರಳ.

ಈ ಹೊದಿಕೆಯನ್ನು ಕುರಿತ ಮೊದಲ ವ್ಯವಸ್ಥಿತ ಲೇಖನವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1743ರಲ್ಲಿ ಪ್ರಕಟಿಸಿದವರು ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್. ಮೃದ್ವಸ್ಥಿಯ ಎಳೆಗಳು ಮಖಮಲ್ ಬಟ್ಟೆಯ ನವಿರಿನಂತೆ ಎಲುಬಿನಿಂದ ನೆಟ್ಟಗೆ ಮೇಲೆದ್ದಿರುತ್ತವೆ ಎಂದು ಅವರು ವರ್ಣಿಸಿದರು. ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಕೂಡುವುದಿಲ್ಲ ಎಂಬ ಹಿಂದಿನವರ ಅನುಭವವನ್ನೂ ಎತ್ತಿ ಹೇಳಿದರು. ಈ ಎರಡನೆಯ ಮಾತು ಏಕೆ ನಿಜ ಎಂಬುದು ತಿಳಿಯಲು 21ನೆಯ ಶತಮಾನವೇ ಬರಬೇಕಾಯಿತು.

ಮುಂದಿನ ನೂರೈವತ್ತು ವರ್ಷ ವೈದ್ಯರ ಮುಖ್ಯ ಕೆಲಸ ವಿಂಗಡಣೆ. ಅಲ್ಲಿಯವರೆಗೆ ಎಲ್ಲ ಕೀಲುನೋವೂ ವಾತವೇ. ವಿಲಿಯಂ ಹೆಬರ್ಡನ್ ಬರೆದ, 1802ರಲ್ಲಿ ಅವರ ಮರಣಾನಂತರ ಬೆಳಕು ಕಂಡ ಗ್ರಂಥದಲ್ಲಿ, ಬೆರಳ ತುದಿಯ ಗೆಣ್ಣುಗಳ ಬಳಿ ಏಳುವ ಗಟ್ಟಿ ಗಂಟುಗಳನ್ನು ಯೂರಿಕ್ ಆಮ್ಲದಿಂದ ಬರುವ ಗೌಟ್ ರೋಗದಿಂದ ಬೇರೆಮಾಡಲಾಗಿತ್ತು. ನಿಮ್ಮ ಮನೆಯ ಹಿರಿಯರ ಕೈ ನೋಡಿ, ಈ ಗಂಟುಗಳು ಕಾಣಬಹುದು. ಉರಿಯೂತದಿಂದ ಕೀಲು ತಿನ್ನುವ ರುಮಟಾಯ್ಡ್ ಸಂಧಿವಾತಕ್ಕೆ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ ಪ್ರತ್ಯೇಕ ಹೆಸರು ಕೊಟ್ಟರು. ಹೀಗೆ ಒಂದೊಂದನ್ನೇ ತೆಗೆದಿಟ್ಟ ಮೇಲೆ ಉಳಿದದ್ದು ಮುದುಕರಲ್ಲಿ ಹೆಚ್ಚಾಗಿ ಕಾಣುವ ಮಂಡಿ, ಸೊಂಟ, ಬೆರಳುಗಳ ಕಾಯಿಲೆ. ಅದಕ್ಕೆ ಕಾರಣವೇನು? ವಯಸ್ಸು, ಸವೆತ ಎಂದುಬಿಡುವುದು ಸುಲಭವಾಗಿತ್ತು.

1895ರಲ್ಲಿ ರಾಂಟ್‌ಜನ್ ಎಕ್ಸ್-ಕಿರಣವನ್ನು ಕಂಡುಹಿಡಿದದ್ದು ಈ ನಂಬಿಕೆಗೆ ಬಲ ತಂದಿತು. ಎಕ್ಸ್-ಕಿರಣಕ್ಕೆ ಎಲುಬು ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಚಿತ್ರದಲ್ಲಿ ಎರಡು ಎಲುಬುಗಳ ನಡುವಿನ ಖಾಲಿ ಜಾಗವೇ ಅದರ ಕುರುಹು. ಜಾಗ ಕಿರಿದಾಗಿದ್ದರೆ ಮೃದ್ವಸ್ಥಿ ತೆಳುವಾಗಿದೆ ಎಂದು ಊಹೆ. 1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಈ ಚಿತ್ರಗಳನ್ನು 0ಯಿಂದ 4ರವರೆಗೆ ದರ್ಜೆಗಳಾಗಿ ವಿಂಗಡಿಸಿದರು. ಆ ದರ್ಜೆಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಒಂದು ತೊಡಕು ಬೇಗನೇ ಗೋಚರಿಸಿತು. ಚಿತ್ರದಲ್ಲಿ ಕೀಲು ಕೆಟ್ಟಿದ್ದರೂ ಆರಾಮವಾಗಿ ನಡೆಯುವವರಿದ್ದರು. ಚಿತ್ರ ಅಷ್ಟೇನೂ ಕೆಡದಿದ್ದರೂ ನೋವಿನಿಂದ ನರಳುವವರೂ ಇದ್ದರು. ಸವೆತ ಮಾತ್ರವೇ ಕಥೆಯಾಗಿದ್ದರೆ ಹೀಗಾಗಬಾರದಿತ್ತು.

ಹಂದಿಗೋಡು ಎತ್ತಿದ ಪ್ರಶ್ನೆ

ಇಲ್ಲಿ ನಮ್ಮ ರಾಜ್ಯದ್ದೇ ಒಂದು ಘಟನೆಯನ್ನು ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1974–75ರ ಸುಮಾರಿಗೆ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿ ನೋವು, ನಡೆಯಲು ಕಷ್ಟ, ಕ್ರಮೇಣ ಕೋಲು, ಕೊನೆಗೆ ತೆವಳಾಟ. ಕೀಲುಗಳ ಚಿತ್ರ ಅಸ್ಥಿಸಂಧಿವಾತದ್ದೇ. ಆದರೆ ರೋಗಿಗಳಲ್ಲಿ ಯುವಕರಿದ್ದರು, ಮಕ್ಕಳೂ ಇದ್ದರು. ಕೆಲವರು ಕುಳ್ಳಾಗಿಯೇ ಉಳಿದಿದ್ದರು. ಹೆಚ್ಚಿನವರು ಚಲುವಾದಿ ಮತ್ತು ಚನ್ನಂಗಿ ಸಮುದಾಯಗಳ ಕೂಲಿಕಾರರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಇದನ್ನು ಅಧ್ಯಯನ ಮಾಡಿ, 1977ರಲ್ಲಿ 'ಮಲೆನಾಡಿನ ಕೌಟುಂಬಿಕ ಸಂಧಿವಾತ' ಎಂಬರ್ಥದ ಹೆಸರಿನಲ್ಲಿ ವರದಿ ಪ್ರಕಟಿಸಿದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಗಳ ಮೂಲಕ ಬಡವರ ಹೊಟ್ಟೆ ಸೇರಿತೇ ಎಂಬ ಗುಮಾನಿ ಆಗ ಬಲವಾಗಿತ್ತು. ಮುಂದೆ ಕುಟುಂಬಗಳ ವಂಶಾವಳಿಯನ್ನು ಬಿಡಿಸಿ ನೋಡಿದಾಗ ಬೇರೆ ಚಿತ್ರ ಮೂಡಿತು. ಡಾ. ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಎಕ್ಸ್-ಕಿರಣ ಅಧ್ಯಯನದ ಪ್ರಕಾರ ಇದು ಬೆನ್ನೆಲುಬು ಮತ್ತು ಉದ್ದೆಲುಬುಗಳ ತುದಿಗಳ ಬೆಳವಣಿಗೆಯ ದೋಷ. ಪ್ರಬಲ ಲಕ್ಷಣವಾಗಿ ಅದು ವಂಶದಲ್ಲಿ ಇಳಿದುಬರುತ್ತದೆ. ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು.

ನಮ್ಮ ಪ್ರಶ್ನೆಗೆ ಇದರ ಮಹತ್ತ್ವವೇನು? ಅಸ್ಥಿಸಂಧಿವಾತಕ್ಕೆ ಮುಪ್ಪು ಅನಿವಾರ್ಯ ಕಾರಣವಲ್ಲ. ಎಲುಬಿನ ತುದಿ ಮತ್ತು ಮೃದ್ವಸ್ಥಿಯ ಕಟ್ಟಡ ಮೊದಲೇ ತಪ್ಪಿದ್ದರೆ, ಮೂವತ್ತು ವರ್ಷದವರ ಸೊಂಟವೂ ಎಪ್ಪತ್ತರವರ ಸೊಂಟದಂತಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಓಡಿದೆ ಎಂಬುದಲ್ಲ, ಯಾವುದು ಮುರಿದಿದೆ ಎಂಬುದು. ಅದಕ್ಕೆ ಕಟ್ಟಡದ ಸಾಮಗ್ರಿಯನ್ನೇ ನೋಡಬೇಕು.

ಮೂರೆಳೆಯ ಹಗ್ಗ ಮತ್ತು ನೆನೆದ ಕಾಳು

ಸಾಮಗ್ರಿ ಮುಖ್ಯವಾಗಿ ಮೂರು. ತೂಕದಲ್ಲಿ ಶೇಕಡಾ 65ರಿಂದ 80ರಷ್ಟು ನೀರು. ಉಳಿದುದರಲ್ಲಿ ಕೊಲಾಜನ್ ಎಂಬ ನಾರು ಮತ್ತು ಪ್ರೋಟಿಯೋಗ್ಲೈಕನ್ ಎಂಬ ಕುಂಚದಾಕಾರದ ದೊಡ್ಡ ಅಣುಗಳು.

ಕೊಲಾಜನ್ನಿನ ರಚನೆಯನ್ನು ಬಿಡಿಸಿದವರು ಭಾರತೀಯ ಭೌತವಿಜ್ಞಾನಿಗಳೆಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, ಮದ್ರಾಸು ವಿಶ್ವವಿದ್ಯಾಲಯದಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಸೇರಿ, 1954–55ರಲ್ಲಿ ಎಕ್ಸ್-ಕಿರಣ ವಿವರ್ತನೆಯ ಆಧಾರದಿಂದ ಅದು ಮೂರೆಳೆಯ ಸುರುಳಿ ಎಂದು ತೋರಿಸಿದರು. ಮೂರು ಎಳೆಗಳೂ ಒತ್ತಾಗಿ ಹೆಣೆದುಕೊಳ್ಳಲು ಪ್ರತಿ ಮೂರನೆಯ ಸ್ಥಾನದಲ್ಲಿ ಅತ್ಯಂತ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸೀನ್ ಇರಲೇಬೇಕು. ಬೇರೊಂದಕ್ಕೆ ಅಲ್ಲಿ ಜಾಗವಿಲ್ಲ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಮೃದ್ವಸ್ಥಿಯ ಕೊಲಾಜನ್ ಚರ್ಮ, ಎಲುಬುಗಳ ಕೊಲಾಜನ್‌ಗಿಂತ ಬೇರೆ ಬಗೆಯದು ಎಂಬುದನ್ನು 1969ರಲ್ಲಿ ಅಮೆರಿಕದ ಮಿಲ್ಲರ್ ಮತ್ತು ಮಟುಕಾಸ್ ಕಂಡುಕೊಂಡರು.

ಎರಡನೆಯ ಸಾಮಗ್ರಿಯಾದ ಪ್ರೋಟಿಯೋಗ್ಲೈಕನ್ ಅಣುಗಳ ಮೇಲೆ ಋಣ ವಿದ್ಯುದಂಶಗಳು ದಟ್ಟವಾಗಿವೆ. ಅವು ಧನ ಅಯಾನುಗಳನ್ನು ಹಿಡಿದಿಡುತ್ತವೆ. ಒಳಗೆ ಅಯಾನುಗಳ ಸಾಂದ್ರತೆ ಹೆಚ್ಚುವುದರಿಂದ ಅಭಿಸರಣೆಯಿಂದ ನೀರು ಒಳನುಗ್ಗುತ್ತದೆ. ಅಣುಗಳು ಊದಿಕೊಳ್ಳಲು ಹವಣಿಸುತ್ತವೆ, ಕೊಲಾಜನ್ ಬಲೆ ಅವನ್ನು ಬಿಗಿದಿಡುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಒಣ ಹೆಸರುಕಾಳನ್ನು ಗಟ್ಟಿ ಬಟ್ಟೆಯ ಚಿಕ್ಕ ಚೀಲದಲ್ಲಿ ತುಂಬಿ, ಬಾಯಿ ಬಿಗಿಯಾಗಿ ಹೊಲಿದು ರಾತ್ರಿ ನೀರಿನಲ್ಲಿಡಿ. ಬೆಳಿಗ್ಗೆ ಚೀಲ ಕಲ್ಲಿನಂತಾಗಿರುತ್ತದೆ. ಕಾಳು ಮಾತ್ರವೇ ಆಗಲಿ, ಬಟ್ಟೆ ಮಾತ್ರವೇ ಆಗಲಿ ಈ ಗಟ್ಟಿತನ ಕೊಡಲಾರದು. ಊದುವ ಕಾಳು, ತಡೆಯುವ ಬಟ್ಟೆ ಎರಡೂ ಸೇರಿದಾಗ ಮಾತ್ರ ಚೀಲ ಭಾರ ಹೊರುತ್ತದೆ.

ಒತ್ತಿದರೂ ಹೊರಬಾರದ ನೀರು

ಆದರೂ ಲೆಕ್ಕ ತಾಳೆಯಾಗುವುದಿಲ್ಲ. ಈ ಊದುವ ಒತ್ತಡ ಹೆಚ್ಚೆಂದರೆ ಎರಡು ವಾಯುಭಾರದ ಆಸುಪಾಸಿನದು. 1986ರಲ್ಲಿ ಅಮೆರಿಕದ ಹಾಜ್ ಮತ್ತು ಸಂಗಡಿಗರು ಸಂವೇದಕಗಳಿದ್ದ ಕೃತಕ ಸೊಂಟದ ಕೀಲನ್ನು ಒಬ್ಬ ಮಹಿಳೆಗೆ ಜೋಡಿಸಿ ಅಳತೆ ಮಾಡಿದಾಗ, ಕುರ್ಚಿಯಿಂದ ಏಳುವಾಗ ಒಂದು ಜಾಗದ ಒತ್ತಡ ಸುಮಾರು 18 ಮೆಗಾಪ್ಯಾಸ್ಕಲ್ ಮುಟ್ಟಿತು. ಅಂದರೆ ಸುಮಾರು 180 ವಾಯುಭಾರ! ಉಳಿದ ಹೊರೆಯನ್ನು ಹೊರುವವರು ಯಾರು?

ಉತ್ತರದ ಎಳೆಯನ್ನು 1959ರಲ್ಲೇ ಹಿಡಿದವರು ಆಗ ಕೇಂಬ್ರಿಡ್ಜ್‌ನಲ್ಲಿದ್ದ ಭೌತವಿಜ್ಞಾನಿ ಚಾರ್ಲ್ಸ್ ಮೆಕಚೆನ್. ಮೃದ್ವಸ್ಥಿಯ ರಂಧ್ರಗಳು ನ್ಯಾನೋಮೀಟರ್ ಗಾತ್ರದವು. ಹೆಜ್ಜೆ ಊರಿದ ಕ್ಷಣದಲ್ಲಿ ಒಳಗಿನ ನೀರಿಗೆ ಹೊರಬರಲು ಸಮಯವೇ ಸಾಲದು. ನೀರನ್ನು ಕುಗ್ಗಿಸಲೂ ಆಗದು. ಹೀಗಾಗಿ ಹೊರೆಯ ಬಹುಪಾಲನ್ನು ಸೆರೆಯಾದ ನೀರೇ ಹೊರುತ್ತದೆ. ಘನಭಾಗದ ಮೇಲೆ ಬೀಳುವುದು ಅಲ್ಪ, ಆದ್ದರಿಂದ ಘರ್ಷಣೆಯೂ ಅಲ್ಪ. ಕೀಲಿನ ಘರ್ಷಣಾ ಗುಣಾಂಕ 0.01ರ ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ. 1980ರಲ್ಲಿ ವ್ಯಾನ್ ಮೌ ಮತ್ತು ಸಂಗಡಿಗರು ಘನ ಮತ್ತು ದ್ರವ ಎರಡನ್ನೂ ಸೇರಿಸಿ ಇದಕ್ಕೆ ಗಣಿತದ ರೂಪ ಕೊಟ್ಟರು.

ಬಂಡಿಯ ಅಚ್ಚಿನ ಉಪಮೆ ಮುರಿಯುವುದು ಇಲ್ಲಿಯೇ. ಅಚ್ಚು ತಿರುಗಿದಷ್ಟೂ ಸವೆಯುತ್ತದೆ. ರಕ್ತನಾಳವಿಲ್ಲದ ಮೃದ್ವಸ್ಥಿಗೋ ಚಲನೆಯೇ ಆಹಾರದ ದಾರಿ. ಒತ್ತಿ ಬಿಟ್ಟಾಗ ನೀರು ಸರಿದಾಡಿ ಪೋಷಕಗಳು ಕೋಶಗಳಿಗೆ ತಲುಪುತ್ತವೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಆಡದವರ ಮಂಡಿಯ ಮೃದ್ವಸ್ಥಿ ತೆಳುವಾಗುತ್ತದೆ ಎಂಬುದನ್ನು 2002ರ ಸುಮಾರಿಗೆ ಎಂಆರ್‌ಐ ಅಳತೆಗಳು ತೋರಿಸಿದವು. ನಿಂತ ಬಂಡಿಯ ಅಚ್ಚು ಸವೆಯುವುದುಂಟೇ?

ಮುಪ್ಪು ಒಂದು ಕಡೆಗೆ, ರೋಗ ಇನ್ನೊಂದು ಕಡೆಗೆ

ಈಗ ನಮ್ಮ ಮೂಲ ಪ್ರಶ್ನೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಹೆನ್ರಿ ಮ್ಯಾಂಕಿನ್, ಲಂಡನ್ನಿನಲ್ಲಿ ಆಲಿಸ್ ಮರೂಡಾಸ್ ರೋಗವಿಲ್ಲದ ಮೃದ್ವಸ್ಥಿಯನ್ನೂ ರೋಗಗ್ರಸ್ತ ಮೃದ್ವಸ್ಥಿಯನ್ನೂ ತೂಗಿ ಅಳೆದರು. ಈ ಬಗೆಯ ಅಳತೆಗಳಿಂದ ಹೊರಬಂದ ಸಂಗತಿ ಬಹಳ ಸರಳ, ಬಹಳ ಮುಖ್ಯ. ವಯಸ್ಸಾದಂತೆ ಆರೋಗ್ಯವಂತ ಮೃದ್ವಸ್ಥಿಯ ನೀರಿನ ಅಂಶ ತುಸು ಕಡಿಮೆಯಾಗುತ್ತದೆ. ಅಸ್ಥಿಸಂಧಿವಾತ ಆರಂಭವಾದಾಗಲಾದರೋ ನೀರಿನ ಅಂಶ ಹೆಚ್ಚುತ್ತದೆ. ಎರಡೂ ಒಂದೇ ಕ್ರಿಯೆಯಾಗಿದ್ದರೆ ಒಂದೇ ದಿಕ್ಕಿನಲ್ಲಿ ಸಾಗಬೇಕಿತ್ತು.

ನಮ್ಮ ಚೀಲಕ್ಕೆ ಮರಳಿ. ಹೊಲಿಗೆಯ ನಾಲ್ಕು ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ಮತ್ತೆ ನೀರಿಗಿಡಿ. ತಡೆ ಸಡಿಲವಾದ್ದರಿಂದ ಕಾಳು ಇನ್ನಷ್ಟು ನೀರು ಕುಡಿದು ಉಬ್ಬುತ್ತದೆ, ಚೀಲ ಮೆತ್ತಗಾಗುತ್ತದೆ. ರೋಗದ ಮೊದಲ ಹಂತ ಇದೇ: ಕೊಲಾಜನ್ ಬಲೆ ಹರಿಯುವುದು. ಮುಂದೆ ಕಿಣ್ವಗಳು ಪ್ರೋಟಿಯೋಗ್ಲೈಕನ್ ಅಣುಗಳನ್ನು ಕಡಿಯುತ್ತವೆ, ನೀರು ಸಲೀಸಾಗಿ ಸೋರುತ್ತದೆ, ಹೊರೆ ಘನಭಾಗದ ಮೇಲೆ ಬೀಳುತ್ತದೆ. ಕೆಳಗಿನ ಎಲುಬು ಗಟ್ಟಿಯಾಗಿ ಅಂಚಿನಲ್ಲಿ ಮುಳ್ಳುಗಳೇಳುತ್ತವೆ, ಕೀಲಿನ ಒಳಪೊರೆ ಊದುತ್ತದೆ. ನರವಿಲ್ಲದ ಮೃದ್ವಸ್ಥಿ ತಾನಾಗಿ ನೋಯಲಾರದು. ನೋವು ಹುಟ್ಟುವುದು ಸುತ್ತಲಿನ ಈ ಭಾಗಗಳಲ್ಲಿ.

ಹಾಗಾದರೆ ಮುಪ್ಪಿನಲ್ಲಿ ಆಗುವುದೇನು? ಮೊದಲನೆಯದಾಗಿ ಪ್ರೋಟಿಯೋಗ್ಲೈಕನ್ ಅಣುಗಳು ಮೊಟಕಾಗುತ್ತವೆ. ಎರಡನೆಯದು ಸಕ್ಕರೆಯ ಕೆಲಸ. ಹೆಂಚಿನ ಮೇಲಿನ ರೊಟ್ಟಿಗೆ ಕಂದುಬಣ್ಣ ತರುವ, 1912ರಲ್ಲಿ ಫ್ರಾನ್ಸಿನ ಮೈಯಾರ್ ವರ್ಣಿಸಿದ ಕ್ರಿಯೆಯೇ ದೇಹದ ಶಾಖದಲ್ಲೂ ಬಹು ನಿಧಾನವಾಗಿ ನಡೆಯುತ್ತದೆ. ಸಕ್ಕರೆ ಕೊಲಾಜನ್ ಎಳೆಗಳ ನಡುವೆ ಬೇಡದ ಬೆಸುಗೆ ಹಾಕುತ್ತದೆ. ಎಳೆಯರ ಮೃದ್ವಸ್ಥಿ ನೀಲಿಮಿಶ್ರಿತ ಬಿಳಿ, ವೃದ್ಧರದ್ದು ಹಳದಿ. ಗಂಜಿ ಹಾಕಿ ಒಣಗಿಸಿದ ಬಟ್ಟೆಯಂತೆ ಅದು ಬಿರುಸಾಗುತ್ತದೆ, ಮಡಿಸಿದರೆ ಸೀಳುತ್ತದೆ. ಮೂರನೆಯದಾಗಿ, ಒಳಗಿನ ಕೋಶಗಳೂ ಮುಪ್ಪಾಗಿ ರಿಪೇರಿಯ ಕರೆಗೆ ಸರಿಯಾಗಿ ಓಗೊಡುವುದಿಲ್ಲ.

ಬಿರುಸಾದ ಬಟ್ಟೆ ಹರಿದ ಬಟ್ಟೆಯಲ್ಲ. ಆದರೆ ಜಗ್ಗಿದಾಗ ಬೇಗ ಹರಿಯುವುದು ಅದೇ. ಮುಪ್ಪಿಗೂ ರೋಗಕ್ಕೂ ಇರುವ ಸಂಬಂಧ ಇಷ್ಟು: ಮುಪ್ಪು ರೋಗಕ್ಕೆ ನೆಲ ಹದಮಾಡುತ್ತದೆ, ಬೀಜ ಬಿತ್ತುವುದು ಬೇರೆ ಕಾರಣಗಳು.

ಅಣುಬಾಂಬು ಹೇಳಿದ ವಯಸ್ಸು

ಇಷ್ಟು ನಿಧಾನದ ಬೆಸುಗೆ ಶೇಖರವಾಗಬೇಕಾದರೆ ಕೊಲಾಜನ್ ಬಹುಕಾಲ ಬದಲಾಗದೆ ಉಳಿಯಬೇಕಷ್ಟೆ. ಎಷ್ಟು ಕಾಲ? 2000ದಲ್ಲಿ ನೆದರ್ಲೆಂಡ್ಸ್‌ನ ವೆರ್‌ಜೈಲ್ ಮತ್ತು ಸಂಗಡಿಗರು ಒಂದು ಅಮೈನೊ ಆಮ್ಲದ ಎಡ–ಬಲ ರೂಪಗಳ ಅನುಪಾತದಿಂದ ಲೆಕ್ಕ ಹಾಕಿದಾಗ ಚರ್ಮದ ಕೊಲಾಜನ್ನಿನ ಅರ್ಧಾಯು ಸುಮಾರು 15 ವರ್ಷ, ಮೃದ್ವಸ್ಥಿಯದು ಸುಮಾರು 117 ವರ್ಷ ಎಂದು ಬಂತು.

2016ರಲ್ಲಿ ಡೆನ್ಮಾರ್ಕಿನ ಹೈನೆಮೈಯರ್ ಮತ್ತು ಸಂಗಡಿಗರು ಇನ್ನೊಂದು ಗಡಿಯಾರ ಬಳಸಿದರು. 1950ರ ದಶಕದ ನಡುವಿನಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳಿಂದ ವಾಯುಮಂಡಲದ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. 1963ರ ಒಪ್ಪಂದದ ನಂತರ ಅದು ಕ್ರಮವಾಗಿ ಇಳಿಯಿತು. ಆದ್ದರಿಂದ ಒಂದು ಅಂಗಾಂಶದ ಕಾರ್ಬನ್-14 ಅಳೆದರೆ ಅದು ಯಾವ ವರ್ಷಗಳಲ್ಲಿ ತಯಾರಾಯಿತೆಂದು ಹೇಳಬಹುದು. ಮಂಡಿಯ ಕೊಲಾಜನ್ ತೋರಿಸಿದ ವರ್ಷಗಳು ಆಯಾ ವ್ಯಕ್ತಿಗಳ ಬಾಲ್ಯ ಮತ್ತು ಹರೆಯದವು! ಬೆಳವಣಿಗೆ ನಿಂತ ಮೇಲೆ ಹೊಸ ಕೊಲಾಜನ್ ಬಹುಮಟ್ಟಿಗೆ ಸೇರುವುದೇ ಇಲ್ಲ, ರೋಗಿಗಳಲ್ಲೂ ಸೇರಿಲ್ಲ. ಹಂಟರ್ 1743ರಲ್ಲಿ ಹೇಳಿದ ಮಾತಿಗೆ ಕಾರಣ ಸಿಕ್ಕಿತು. ನಿಮ್ಮ ಮಂಡಿಯಲ್ಲಿರುವುದು ನೀವು ಶಾಲೆಯಲ್ಲಿದ್ದಾಗ ನೇಯ್ದ ಬಲೆ.

ಮುಪ್ಪು ಮಾತ್ರವೇ ಅಪರಾಧಿಯಲ್ಲ ಎಂಬುದಕ್ಕೆ 2017ರಲ್ಲಿ ಇನ್ನೊಂದು ಸಾಕ್ಷಿ ದೊರಕಿತು. ಹಾರ್ವರ್ಡ್‌ನ ವ್ಯಾಲೇಸ್, ಲೀಬರ್‌ಮನ್ ಮತ್ತು ಸಂಗಡಿಗರು ಅಮೆರಿಕದ ಹಳೆಯ ಮತ್ತು ಹೊಸ ಅಸ್ಥಿಪಂಜರಗಳ ಮಂಡಿಗಳನ್ನು ಹೋಲಿಸಿದರು. ಐವತ್ತು ದಾಟಿದವರನ್ನಷ್ಟೇ ಗಮನಿಸಿದಾಗ ಪ್ರಾಚೀನ ಕಾಲದವರಲ್ಲಿ ಶೇಕಡಾ 8, ಕೈಗಾರಿಕೆಯ ಆರಂಭಕಾಲದವರಲ್ಲಿ 6, ಇತ್ತೀಚಿನವರಲ್ಲಿ 16 ಮಂದಿಗೆ ಮಂಡಿಯ ರೋಗವಿತ್ತು. ವಯಸ್ಸು ಮತ್ತು ಮೈತೂಕದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಇಮ್ಮಡಿ ಏರಿಕೆ ಉಳಿಯಿತು. ಹೊಲದಲ್ಲಿ, ಕಾರ್ಖಾನೆಯಲ್ಲಿ ಮೈಮುರಿದು ದುಡಿದವರ ಮಂಡಿಗಿಂತ ನಮ್ಮ ಕಾಲದವರ ಮಂಡಿ ಹೆಚ್ಚು ಕೆಟ್ಟಿದೆ ಎಂದಾದರೆ ಸವೆತದ ಸಿದ್ಧಾಂತಕ್ಕೆ ಉಳಿದ ಬೆಲೆಯೆಷ್ಟು? ಹಳೆಯ ಪೆಟ್ಟು, ಅತಿ ತೂಕ, ದುರ್ಬಲ ಸ್ನಾಯು, ಅನುವಂಶೀಯತೆ, ದಿನವಿಡೀ ಮಂಡಿ ಪೂರ್ತಿ ಮಡಿಸಿ ಮಾಡುವ ದುಡಿಮೆ ಇವು ಬೀಜ ಬಿತ್ತುವ ಕೈಗಳು. ಇವುಗಳಲ್ಲಿ ಹಲವನ್ನು ತಡೆಯಬಹುದು. ಸುಮಾರು 5 ಕಿಲೋಗ್ರಾಂ ತೂಕ ಇಳಿಸಿದ ಹೆಂಗಸರಲ್ಲಿ ನೋವಿನ ಮಂಡಿರೋಗದ ಸಂಭವ ಅರ್ಧಕ್ಕಿಂತ ಕಡಿಮೆಯಾಯಿತೆಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1992ರಲ್ಲಿ ವರದಿ ಮಾಡಿತು.

ಮತ್ತೆ ಜಗುಲಿಗೆ

'ವಯಸ್ಸಾಯಿತು' ಎಂಬ ಮಾತಿನ ಅಪಾಯ ಈಗ ಸ್ಪಷ್ಟವಾಗಿರಬೇಕು. ಆ ಮಾತು ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಂತೂ ಇದು ಇನ್ನೂ ಗಂಭೀರ. ಇಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿಯುವುದು ಸುರಕ್ಷಿತವಲ್ಲ. ಪ್ರಮಾಣ ಬಹಳ ಏರಿದಲ್ಲಿ ಬೆನ್ನು, ಸೊಂಟ, ಮಂಡಿಗಳು ನೋಯುತ್ತವೆ, ಬಿಗಿಯುತ್ತವೆ. ಆಗಿನ ಮದ್ರಾಸು ಪ್ರಾಂತ್ಯದ ನೆಲ್ಲೂರಿನಲ್ಲಿ 1937ರಲ್ಲೇ ಷಾರ್ಟ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದರು. ಅದು ಎಲುಬಿನ ವಿಷಬಾಧೆ, ಮೃದ್ವಸ್ಥಿಯ ಮುಪ್ಪಲ್ಲ. ಆದರೆ ಎರಡಕ್ಕೂ ಒಂದೇ 'ವಯಸ್ಸಾಯಿತು' ಎಂದರೆ ನೀರನ್ನು ಪರೀಕ್ಷಿಸುವವರು ಯಾರು? ಹಂದಿಗೋಡಿನಲ್ಲಿ ರೋಗಿಗಳು ಎಳೆಯರಾಗಿದ್ದುದರಿಂದ ಪ್ರಶ್ನೆ ಎದ್ದಿತು. ಎಲ್ಲರೂ ಮುದುಕರಾಗಿದ್ದಿದ್ದರೆ ಏಳುತ್ತಿತ್ತೇ?

ಶಿಕ್ಷಕರೇ, ಮುಂದಿನ ಸಲ ಮೃದ್ವಸ್ಥಿಯ ಪಾಠ ಬಂದಾಗ ಹೆಸರುಕಾಳಿನ ಚೀಲವನ್ನು ತರಗತಿಗೆ ಒಯ್ಯಿರಿ. ಮಕ್ಕಳು ಮನೆಗೆ ಹೋಗಿ ಅಜ್ಜಿಗೆ ಎರಡು ಮಾತು ಹೇಳಲಿ. ಮಂಡಿನೋವಿಗೆ ವಯಸ್ಸೊಂದೇ ಕಾರಣವಲ್ಲ, ಕಾರಣವನ್ನು ವೈದ್ಯರಲ್ಲಿ ಕೇಳಬೇಕು. ಮತ್ತು ವೈದ್ಯರ ಸಲಹೆಯಂತೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತಾಳುವಷ್ಟು ನಡಿಗೆ ಮಂಡಿಯ ಶತ್ರುಗಳಲ್ಲ. ಅದಕ್ಕಿರುವ ಚಿಕಿತ್ಸೆಗಳಲ್ಲಿ ಅವೇ ಮೊದಲಿನವು.

ನಮ್ಮ ದೊಡ್ಡಮ್ಮನಿಗೆ ಈ ಎರಡು ಮಾತು ಹೇಳಲು ನನಗೆ ತಿಳಿದಿರಲಿಲ್ಲ. ಕೊನೆಯ ವರ್ಷಗಳನ್ನು ಆಕೆ ಕೆರೆ ಏರಿಯ ಮೇಲೆ ಒಮ್ಮೆಯೂ ನಡೆಯದೆ ಕಳೆದರು. ನಿಮ್ಮ ಮನೆಯ ಜಗುಲಿಯಲ್ಲಿ ಕುಳಿತವರಿಗೆ ಹೇಳಲು ಇನ್ನೂ ಹೊತ್ತು ಮೀರಿಲ್ಲ.